ಪ್ಲಾಸ್ಟರ್ ಬಿಚ್ಚಿದ ಮೇಲೂ ಕಾಲು ಊರಲು ಆಗುತ್ತಿಲ್ಲ. ಆಂಕಲ್ ಮುರಿದುಕೊಂಡವರು ಯಾರಾದರೂ ಇದ್ದೀರಾ?

ಮಲೆನಾಡ_ಟೀಚರ್

ಎಲ್ಲರಿಗೂ ನಮಸ್ಕಾರ. ಆಷಾಢದ ಮಳೆಯಲ್ಲಿ ಹಿತ್ತಲ ಕಲ್ಲಿನ ಮೇಲೆ ಹಾವಸೆಗೆ ಜಾರಿ ಬಿದ್ದೆ. ಎಡಗಾಲು. ಪಾದದ ಗಂಟಿನ ಒಳಮೂಳೆ, ಹೊರಮೂಳೆ ಎರಡೂ ಮುರಿದಿದ್ದವು, ಬೈಮ್ಯಾಲಿಯೋಲರ್ ಅಂದರು. ಊತ ಇಳಿದು ಚರ್ಮದಲ್ಲಿ ಸುಕ್ಕು ಕಾಣುವವರೆಗೆ ಕತ್ತರಿ ಹಾಕುವುದಿಲ್ಲ ಅಂತ ಸುಮಾರು ಒಂದು ವಾರ ಕಾಲನ್ನು ದಿಂಬಿನ ಮೇಲೆ ಇಡಿಸಿ ಮಲಗಿಸಿದ್ದರು. ಆಮೇಲೆ ಆಪರೇಷನ್. ಹೊರಗಡೆ ಪ್ಲೇಟು, ಒಳಗಡೆ ಸ್ಕ್ರೂ. ಆರು ವಾರ ಕಾಲು ನೆಲಕ್ಕೆ ತಾಗಿಸಬೇಡಿ ಅಂದರು, ತಾಗಿಸಲಿಲ್ಲ.

ಮೊನ್ನೆ ಪ್ಲಾಸ್ಟರ್ ಬಿಚ್ಚಿದರು. ಬಿಚ್ಚಿದ ದಿನವೇ ಮೆಲ್ಲಗೆ ನಡೆದುಕೊಂಡು ಆಟೋ ಹತ್ತಬಹುದು ಅಂತ ಮನೆಯವರೆಲ್ಲ ಅಂದುಕೊಂಡಿದ್ದೆವು. ಎಲ್ಲಿಯ ನಡಿಗೆ! ಮೀನಖಂಡ ಕರಗಿ ಹೋಗಿದೆ. ಚರ್ಮ ಪದರ ಪದರವಾಗಿ ಏಳುತ್ತಿದೆ. ಪಾದ ಮೇಲಕ್ಕೆ ಎತ್ತೋಣ ಅಂದರೆ ಬೆರಳು ಮಾತ್ರ ಅಲ್ಲಾಡುತ್ತವೆ, ಪಾದ ಕದಲುವುದಿಲ್ಲ. ಮಂಚದಿಂದ ಕೆಳಗೆ ಇಳಿಬಿಟ್ಟರೆ ಐದು ನಿಮಿಷಕ್ಕೆ ನೇರಳೆ ಬಣ್ಣ. ಡಾಕ್ಟರ್ "ಎಕ್ಸ್‌ರೇ ಚೆನ್ನಾಗಿದೆ, ಇನ್ನು ನಡೆಯಿರಿ" ಅಂತ ಒಂದು ಮಾತು ಹೇಳಿ ಮುಂದಿನ ಪೇಷಂಟ್ ಕರೆದುಬಿಟ್ಟರು. ನಡೆಯುವುದು ಹೇಗೆ ಅಂತ ಕೇಳಲು ನನಗೂ ಬಾಯಿ ಬರಲಿಲ್ಲ.

ಇದು ಎಲ್ಲರಿಗೂ ಹೀಗೇನಾ? ನಮ್ಮ ಹಳೇ ಮನೆಯಲ್ಲಿ ಇಂಡಿಯನ್ ಟಾಯ್ಲೆಟ್, ಅದು ಇನ್ನೊಂದು ಗೋಳು. ಅತ್ತೆ ಎಣ್ಣೆ ಹಚ್ಚಿ ನೀವಿಸೋಣ ಅಂತಿದ್ದಾರೆ. ಶಾಲೆಗೆ ಯಾವಾಗ ಹೋಗಬಹುದು ಅಂತ ಹೆಡ್‌ಮಾಸ್ಟರು ಫೋನ್ ಮಾಡುತ್ತಲೇ ಇದ್ದಾರೆ.

ಫಿಸಿಯೋ_ಧಾರವಾಡ

ಟೀಚರ್ ಮೇಡಂ, ಗಾಬರಿ ಆಗಬೇಡಿ. ನೀವು ಬರೆದಿರುವುದೆಲ್ಲ ನಾನು ಕ್ಲಿನಿಕ್‌ನಲ್ಲಿ ದಿನಾ ನೋಡುವಂಥದ್ದೇ. ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ ಮಾತ್ರ. ಮೂಳೆ ಕೂಡಿದೆ ಅಂದರೆ ಕಾಲು ಗುಣವಾಯಿತು ಅಂತಲ್ಲ, ಇನ್ನು ಕೆಲಸ ಶುರು ಮಾಡಬಹುದು ಅಂತ ಅಷ್ಟೇ. ಅಷ್ಟು ವಾರ ಕಟ್ಟಿಟ್ಟ ಕೀಲಿನ ಸುತ್ತಲಿನ ಪೊರೆ ಬಿಗಿದಿರುತ್ತದೆ, ಮೀನಖಂಡ ಸೊರಗಿರುತ್ತದೆ, ಪಾದ ಎಲ್ಲಿದೆ ಅನ್ನುವ ಅಂದಾಜೇ ಮೆದುಳಿಗೆ ತಪ್ಪಿರುತ್ತದೆ. ಪ್ಲಾಸ್ಟರ್ ಬಿಚ್ಚುವ ದಿನವನ್ನು ಜನ ಕೊನೆಯ ದಿನ ಅಂದುಕೊಳ್ಳುತ್ತಾರೆ. ನಾವು ಅಲ್ಲಿಂದ ಎಣಿಸಲು ಶುರು ಮಾಡುತ್ತೇವೆ. ಕುಂಟದೆ ನಡೆಯಲು ಮೂರ್ನಾಲ್ಕು ತಿಂಗಳು, ಸಂಜೆ ಊತ ಬರುವುದು ಪೂರ್ತಿ ನಿಲ್ಲಲು ಕೆಲವರಿಗೆ ವರ್ಷವೇ ಹಿಡಿಯುತ್ತದೆ.

ನೇರಳೆ ಬಣ್ಣಕ್ಕೆ ಹೆದರಬೇಡಿ. ಮೀನಖಂಡ ಒತ್ತಿದಾಗಲೇ ಕಾಲಿನ ರಕ್ತ ಮೇಲಕ್ಕೆ ಹೋಗುವುದು, ಅದು ಸುಮ್ನೆ ಕೂತಿತ್ತು. ಕಾಲು ಎದೆಮಟ್ಟಕ್ಕಿಂತ ಮೇಲೆ ಇಟ್ಟಾಗ ಬಣ್ಣ ಮಾಮೂಲಿಗೆ ಬಂದರೆ ಸರಿ. ಆದರೆ ಒಂದು ವಿಷಯ ಮನೆಯವರಿಗೂ ಹೇಳಿಡಿ. ಮೀನಖಂಡ ಬಿಸಿಯಾಗಿ, ಗಟ್ಟಿಯಾಗಿ, ನೋವಾಗಿ, ರಾತ್ರಿಯೆಲ್ಲಾ ಕಾಲು ಎತ್ತಿಟ್ಟರೂ ಊತ ಇಳಿಯದಿದ್ದರೆ ರಕ್ತನಾಳದಲ್ಲಿ ಗಡ್ಡೆ ಕಟ್ಟಿರಬಹುದು. ಅದರ ಜೊತೆ ಉಸಿರು ಕಟ್ಟಿದ ಹಾಗೆ ಅಥವಾ ಎದೆನೋವು ಬಂದರಂತೂ ಬೆಳಗಾಗಲಿ ಅಂತ ಕಾಯಬಾರದು, ತಕ್ಷಣ ಆಸ್ಪತ್ರೆಗೆ. ಅತ್ತೆಯವರ ಎಣ್ಣೆಗೂ ಇದೇ ಉತ್ತರ. ಹೊಲಿಗೆ ಗಾಯ ಪೂರ್ತಿ ಒಣಗಿದ್ದರೆ ಕೊಬ್ಬರಿ ಎಣ್ಣೆ ಹಚ್ಚಿ ಗುರುತಿನ ಮೇಲೆ ಮೆಲ್ಲಗೆ ಉಜ್ಜಬಹುದು, ಒಳ್ಳೆಯದೇ. ಮೀನಖಂಡ ಹಿಡಿದು ಜಗ್ಗಿ ನೀವುವುದು ಬೇಡ. ಪಾದ ಹಿಡಿದು ಲಟಕ್ ಅನ್ನಿಸುವವರನ್ನಂತೂ ಹತ್ತಿರ ಸೇರಿಸಬೇಡಿ.

ಈಗ ಮಾಡಬೇಕಾದ್ದು. ಮಲಗಿಕೊಂಡೇ ಪಾದ ಮೇಲೆ ಕೆಳಗೆ, ಗಂಟೆಗೆ ಒಮ್ಮೆ ಹತ್ತಿಪ್ಪತ್ತು ಸಲ. ಕಾಲು ಚಾಚಿ ಕೂತು ಟವೆಲ್ ಒಂದನ್ನು ಅಂಗಾಲಿನ ಮುಂಭಾಗಕ್ಕೆ ಹಾಕಿ ಎರಡೂ ತುದಿ ಹಿಡಿದು ನಿಮ್ಮ ಕಡೆಗೆ ಎಳೆಯಿರಿ, ಮೀನಖಂಡ ಬಿಗಿದಿದ್ದು ಗೊತ್ತಾಗಬೇಕು, ಅಲ್ಲೇ ಅರ್ಧ ನಿಮಿಷ ಹಿಡಿಯಿರಿ. ಆಮೇಲೆ ಹೆಬ್ಬೆರಳನ್ನೇ ಬಳಪ ಮಾಡಿಕೊಂಡು ಗಾಳಿಯಲ್ಲಿ ಅ ಆ ಇ ಈ ಬರೆಯಿರಿ. ಎಬಿಸಿಡಿಗಿಂತ ನಮ್ಮ ಅಕ್ಷರವೇ ಇದಕ್ಕೆ ವಾಸಿ, ಸುತ್ತು ಜಾಸ್ತಿ. ಋ, ಳ, ಕ್ಷ ಬರೆಯುವಾಗ ಪಾದ ಎಲ್ಲಾ ದಿಕ್ಕಿಗೂ ತಿರುಗಲೇಬೇಕು. ಮೊಣಕಾಲು ಮಾತ್ರ ಅಲ್ಲಾಡಬಾರದು, ಅಲ್ಲಾಡಿದರೆ ಅಕ್ಷರ ಬರೆದದ್ದು ತೊಡೆ, ಪಾದ ಅಲ್ಲ.

ಎಷ್ಟು ನೋವಿನವರೆಗೆ ಮಾಡಬಹುದು ಅಂತ ಎಲ್ಲರೂ ಕೇಳುತ್ತಾರೆ. ನನ್ನ ಲೆಕ್ಕ ಮಾರನೇ ಬೆಳಗ್ಗೆಯದು. ರಾತ್ರಿ ನೋವಾಗಿ ಬೆಳಗ್ಗೆ ಹೊತ್ತಿಗೆ ಇಳಿದಿದ್ದರೆ ಅಷ್ಟೇ ಮುಂದುವರಿಸಿ. ಬೆಳಗ್ಗೆ ಎದ್ದಾಗ ನಿನ್ನೆಗಿಂತ ಜಾಸ್ತಿ ಊದಿದ್ದರೆ ಅವತ್ತು ಅರ್ಧಕ್ಕೆ ಇಳಿಸಿ.

ಅಡಿಕೆತೋಟ

ಶಿರಸಿ ಕಡೆಯವನು. ಹೋದ ವರ್ಷ ಸಂಕ (ತೋಡಿನ ಮೇಲಿನ ಕಾಲುಸೇತುವೆ) ದಾಟುವಾಗ ಜಾರಿ ಬಲಗಾಲು ಹೋಗಿತ್ತು. ಅಕ್ಕಾ, ಫಿಸಿಯೋ ಸರ್ ಹೇಳಿದ್ದಕ್ಕೆ ನನ್ನದೊಂದು ಸೇರಿಸಿಕೊಳ್ಳಿ. ಹುಣಸೆ ಬೀಜ ನೆಲದ ಮೇಲೆ ಚೆಲ್ಲಿಕೊಂಡು ಕಾಲ್ಬೆರಳಲ್ಲಿ ಒಂದೊಂದೇ ಹೆಕ್ಕಿ ಬಟ್ಟಲಿಗೆ ಹಾಕುವುದು. ಮೊದಲ ದಿನ ಒಂದು ಬೀಜಕ್ಕೂ ಬೆರಳು ಮಡಚಲಿಲ್ಲ, ಬೆವರು ಬಂತು. ಮಗಳು ಪಕ್ಕದಲ್ಲಿ ಕೂತು ಪಂದ್ಯ ಕಟ್ಟಿ ಅವಳೇ ಗೆಲ್ಲುತ್ತಿದ್ದಳು. ನೆಲದ ಮೇಲೆ ಬೈರಾಸು (ಟವೆಲ್) ಹಾಸಿ ಬೆರಳಲ್ಲೇ ಮುದುಡಿ ಮುದುಡಿ ಹತ್ತಿರ ಎಳೆದುಕೊಳ್ಳುವುದೂ ಒಳ್ಳೆಯದು.

ಕಂಕುಳ ಕೋಲು ಇಟ್ಟುಕೊಂಡಿದ್ದರೆ ಒಮ್ಮೆ ಎತ್ತರ ನೋಡಿಸಿಕೊಳ್ಳಿ. ಕೋಲಿನ ತಲೆಗೂ ಕಂಕುಳಿಗೂ ನಡುವೆ ಎರಡು ಮೂರು ಬೆರಳು ಜಾಗ ಇರಬೇಕು, ಭಾರ ಬೀಳಬೇಕಾದ್ದು ಅಂಗೈ ಮೇಲೆ. ನಾನು ನೋಡಿದವರಲ್ಲಿ ಅರ್ಧಕ್ಕರ್ಧ ಜನ ಕಂಕುಳಲ್ಲೇ ಜೋತು ಬಿದ್ದಿರುತ್ತಾರೆ, ಆಮೇಲೆ ಕೈ ಜೋಮು ಹಿಡಿಯಿತು ಅನ್ನುತ್ತಾರೆ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮುಂದೆ, ಇಳಿಯುವಾಗ ಕೋಲು ಮತ್ತು ಪೆಟ್ಟಾದ ಕಾಲು ಮುಂದೆ. ಇದು ತಲೆಯಲ್ಲಿ ಕೂರುವವರೆಗೆ ನಮ್ಮ ಮನೆ ಜಗಲಿ ಮೆಟ್ಟಿಲನ್ನು ನಾನು ಕೂತುಕೊಂಡೇ ಹಿಂದಕ್ಕೆ ಹತ್ತುತ್ತಿದ್ದೆ. ಮರ್ಯಾದೆ ನೋಡಿಕೊಂಡರೆ ಇನ್ನೊಂದು ಕಾಲೂ ಹೋಗುತ್ತದೆ.

ಟಾಯ್ಲೆಟ್‌ಗೆ ನಡುವೆ ತೂತಿರುವ ಕುರ್ಚಿ ಸಿಗುತ್ತದೆ, ಮೆಡಿಕಲ್ ಸಾಮಾನಿನ ಅಂಗಡಿಯಲ್ಲಿ ಕಮೋಡ್ ಚೇರ್ ಅಂದರೆ ಕೊಡುತ್ತಾರೆ. ಇಂಡಿಯನ್ ಟಾಯ್ಲೆಟ್ ಮೇಲೆಯೇ ಇಟ್ಟುಕೊಳ್ಳಬಹುದು. ನಾಲ್ಕೂ ಕಾಲಿಗೆ ರಬ್ಬರ್ ಬೂಚು ಇರುವುದನ್ನೇ ತೆಗೆದುಕೊಳ್ಳಿ, ಒದ್ದೆ ನೆಲದಲ್ಲಿ ಜಾರಬಾರದು.

ಹಳೇ_ಮಂಡ್ಯ

ಆಪರೇಷನ್ ಮಾಡಿಸಿ ಒಳಗೆ ಕಬ್ಬಿಣ ಹಾಕಿಸಿಕೊಂಡರೆ ಹೀಗೇ ಆಗುವುದು. ನಮ್ಮ ಕಾಲದಲ್ಲಿ ಪುತ್ತೂರು ಕಟ್ಟು ಅಂತ ಆಂಧ್ರದ ಪುತ್ತೂರಿಗೇ ಹೋಗಿ ಬರುತ್ತಿದ್ದೆವು. ಸೊಪ್ಪು, ಮೊಟ್ಟೆಯ ಬಿಳಿ, ಬಿದಿರ ದಬ್ಬೆ, ಬಟ್ಟೆ. ಮೂರು ಕಟ್ಟಿಗೆ ನಮ್ಮ ಅಣ್ಣನ ಕೈ ಸರಿಹೋಯಿತು, ಇವತ್ತಿಗೂ ನೇಗಿಲು ಹಿಡಿಯುತ್ತಾನೆ. ಈಗಿನವರಿಗೆ ತಾಳ್ಮೆ ಇಲ್ಲ.

ಫಿಸಿಯೋ_ಧಾರವಾಡ

ಹಿರಿಯರೇ, ನಿಮ್ಮ ಅಣ್ಣನವರ ಕೈ ಸರಿಹೋಗಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಮೂಳೆ ಜಾಗ ಬಿಟ್ಟು ಸರಿಯದಿದ್ದರೆ, ಅಲ್ಲಾಡದ ಹಾಗೆ ಇಟ್ಟರೆ, ಅದು ತಾನಾಗಿಯೇ ಕೂಡುತ್ತದೆ. ಕಟ್ಟಿದ್ದು ಪ್ಲಾಸ್ಟರೋ ದಬ್ಬೆಯೋ ಅದಕ್ಕೆ ಗೊತ್ತಾಗುವುದಿಲ್ಲ. ಆದರೆ ಪಾದದ ಗಂಟಿನ ಕಥೆ ಬೇರೆ. ಮೊಣಕಾಲಿನಿಂದ ಕೆಳಗೆ ಬರುವ ಎರಡು ಮೂಳೆಗಳ ತುದಿ ಸೇರಿ ಒಂದು ಚೌಕಟ್ಟು, ಪಾದದ ಟೇಲಸ್ ಅನ್ನುವ ಮೂಳೆ ಅದರೊಳಗೆ ಬಡಗಿ ಕೂಡಿಸಿದ ಹಾಗೆ ಕೂತಿರುತ್ತದೆ. ಆ ಟೇಲಸ್ ಹೊರಗಡೆಗೆ ಬರೀ 1 ಮಿಲಿಮೀಟರ್ ಸರಿದರೂ ಕೀಲಿನಲ್ಲಿ ಮೂಳೆಗಳು ಒಂದಕ್ಕೊಂದು ತಾಗುವ ಜಾಗ ಶೇಕಡಾ 42ರಷ್ಟು ಕಡಿಮೆಯಾಗುತ್ತದೆ ಅಂತ 1976ರಲ್ಲೇ ಅಳೆದು ತೋರಿಸಿದ್ದಾರೆ. ಇಡೀ ಮೈಭಾರ ಉಳಿದ ಸ್ವಲ್ಪ ಜಾಗದ ಮೇಲೆ. ಇವತ್ತು ನೋವಿಲ್ಲದೆ ನಡೆದರೂ ಹತ್ತು ವರ್ಷಕ್ಕೆ ಕೀಲು ಸವೆದು ಕೂತಿರುತ್ತದೆ. ಟೀಚರ್ ಮೇಡಂಗೆ ಎರಡೂ ಕಡೆ ಮುರಿದಿತ್ತು, ಚೌಕಟ್ಟೇ ಸಡಿಲ, ಅದಕ್ಕೇ ಪ್ಲೇಟು.

ಇನ್ನೊಂದು ಮಾತು. ಊತ ಏರುತ್ತಿರುವ ಹೊಸ ಪೆಟ್ಟಿನ ಮೇಲೆ ಬಿಗಿಯಾಗಿ ಕಟ್ಟಿದರೆ ರಕ್ತ ಓಡಾಡದೆ ಬೆರಳು ಕಪ್ಪಾಗುತ್ತದೆ. ಬೆರಳು ಕತ್ತರಿಸಬೇಕಾಗಿ ಬಂದವರನ್ನು ನೋಡಿದ್ದೇನೆ. ಎಲ್ಲಿಗೇ ಹೋಗಿ, ಎಕ್ಸ್‌ರೇ ಒಂದು ತೆಗೆಸಿಕೊಂಡು ಹೋಗಿ.

ಹಳೇ_ಮಂಡ್ಯ

ಎಕ್ಸ್‌ರೇ ತೆಗೆಸಬೇಡಿ ಅಂತ ನಾನೆಲ್ಲಿ ಹೇಳಿದೆ. ಅದಿರಲಿ, ಟೀಚರಮ್ಮನಿಗೆ ಕಾಲು ಸೂಪ್ ಕುಡಿಸಿ.

ಮಲೆನಾಡ_ಟೀಚರ್

ಅಯ್ಯೋ ನಾವು ತಿನ್ನುವುದಿಲ್ಲ ಸರ್ 😄

ದಾಸವಾಳ

ಟೀಚರ್, ರಾಗಿ ತಿನ್ನಿ, ಸಾಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಲೆಕ್ಕಕ್ಕೇ ಇಲ್ಲ. ಎಳ್ಳು, ನುಗ್ಗೆಸೊಪ್ಪು, ಮೊಸರು. ನಾನು ನ್ಯೂಟ್ರಿಷನ್ ಓದಿದವಳು, ಕಾಲು ಸೂಪಿಗೆ ನನ್ನ ವಿರೋಧ ಇಲ್ಲ, ಬಿಸಿಬಿಸಿ ಕುಡಿಯಲು ಚೆನ್ನಾಗಿಯೇ ಇರುತ್ತದೆ, ಆದರೆ ಜನ ಅಂದುಕೊಂಡಷ್ಟು ಕ್ಯಾಲ್ಸಿಯಂ ಆ ನೀರಿಗೆ ಇಳಿಯುವುದಿಲ್ಲ. ಅದಕ್ಕಿಂತ ಮುಖ್ಯ ಪ್ರೋಟೀನ್. ಮಲಗಿದವರಿಗೆ ಜೀರ್ಣ ಆಗಲ್ಲ ಅಂತ ಬರೀ ಗಂಜಿ, ತಿಳಿಸಾರು ಕೊಡುತ್ತಾರೆ ನೋಡಿ, ಆಗಲೇ ಮೀನಖಂಡ ಇನ್ನೂ ಕರಗುವುದು. ಬೇಳೆ, ಕಾಳು, ಹಾಲು ದಿನಾ ಇರಲಿ. ವಿಟಮಿನ್ ಡಿ ಒಮ್ಮೆ ಪರೀಕ್ಷೆ ಮಾಡಿಸಿ.

ಮತ್ತೆ, ಬೀಡಿ ಸಿಗರೇಟು ಸೇದುವವರ ಮೂಳೆ ನಿಧಾನ ಕೂಡುತ್ತದೆ. ಅಡಿಕೆತೋಟ ಅಣ್ಣ, ಕವಳಕ್ಕೆ ಹಾಕುವ ತಂಬಾಕಿನಲ್ಲೂ ನಿಕೋಟಿನ್ ಇರುತ್ತದೆ, ಹೇಳಿಬಿಟ್ಟಿದ್ದೇನೆ.

ಅಡಿಕೆತೋಟ

ನಾನು ತಂಬಾಕಿನ ಸುದ್ದಿಯನ್ನೇ ಎತ್ತಿರಲಿಲ್ಲವಲ್ಲ ತಂಗಿ!

ಮಾಲ್ಮೋ_ಕನ್ನಡತಿ

ನಮಸ್ಕಾರ, ಸ್ವೀಡನ್‌ನಿಂದ. ನಾನು ಬಿದ್ದದ್ದು ಮಂಜುಗಡ್ಡೆಯ ಮೇಲೆ. ಇಲ್ಲಿ ಮಳೆ ಬಂದು ರಾತ್ರಿ ಹೆಪ್ಪುಗಟ್ಟಿದರೆ ರಸ್ತೆ ಕಾಣುವುದು ಬರೀ ಒದ್ದೆ ಹಾಗೆ, ಕಾಲಿಟ್ಟರೆ ಗೊತ್ತಾಗುತ್ತದೆ. ಹೊರಗಡೆ ಮೂಳೆ ಒಂದೇ ಮುರಿದಿತ್ತು, ವೇಬರ್ ಬಿ, ಸರಿದಿರಲಿಲ್ಲ. ನನಗೆ ಆಪರೇಷನ್ ಇಲ್ಲ, ಪ್ಲಾಸ್ಟರೂ ಇಲ್ಲ. ಬಿಚ್ಚಿ ಹಾಕಬಹುದಾದ ದೊಡ್ಡ ಬೂಟು ಕೊಟ್ಟು ನೋವು ತಡೆಯುವಷ್ಟು ಕಾಲೂರಿ ನಡಿ ಅಂದರು. ಊರಿಗೆ ಫೋನ್ ಮಾಡಿ ಹೇಳಿದರೆ ಅಮ್ಮ ನಂಬಲೇ ಇಲ್ಲ, "ಮುರಿದ ಕಾಲಲ್ಲಿ ನಡೆಯುವುದುಂಟಾ, ಇನ್ನೊಬ್ಬ ಡಾಕ್ಟರಿಗೆ ತೋರಿಸು" ಅಂತ ದಿನಾ ಒಂದೇ ಹಠ. ಟೀಚರ್‌ಗೆ ಮಾತ್ರ ಯಾಕೆ ಆರು ವಾರ ನೆಲ ಮುಟ್ಟಿಸಲಿಲ್ಲ? ಅಲ್ಲಿ ಇನ್ನೂ ಹಳೇ ಪದ್ಧತಿನಾ?

ಫಿಸಿಯೋ_ಧಾರವಾಡ

ಒಳ್ಳೆ ಪ್ರಶ್ನೆ. ಹಳೆಯದು ಹೊಸದು ಅಂತ ಅಷ್ಟು ಸಲೀಸಾಗಿ ಹೇಳಲು ಬರುವುದಿಲ್ಲ. ವೇಬರ್ ಎ, ಬಿ, ಸಿ ಅನ್ನುವುದು ಹೊರಮೂಳೆ ಯಾವ ಎತ್ತರದಲ್ಲಿ ಮುರಿದಿದೆ ಅನ್ನುವುದರ ಮೇಲೆ. ಎರಡು ಮೂಳೆಗಳನ್ನು ಕಟ್ಟಿಹಾಕಿರುವ ಲಿಗಮೆಂಟ್ ಇದೆಯಲ್ಲ, ಅದರ ಕೆಳಗೆ ಮುರಿದರೆ ಎ, ಅದರ ಮಟ್ಟದಲ್ಲಿ ಬಿ, ಮೇಲೆ ಸಿ. ನಿಮ್ಮದು ಬಿ, ಒಳಗಡೆ ಗಟ್ಟಿಯಾಗಿತ್ತು. ಅಂಥವರಿಗೆ ಆರು ವಾರದ ಪ್ಲಾಸ್ಟರ್ ಬೇಡ, ಮೂರು ವಾರ ಸಾಕು ಅಂತ ಫಿನ್ಲೆಂಡಿನವರು 247 ಜನರ ಮೇಲೆ ಪರೀಕ್ಷೆ ಮಾಡಿ 2019ರಲ್ಲಿ ಪ್ರಕಟಿಸಿದ್ದಾರೆ. ಮೇಡಂ ಅವರದು ಎರಡೂ ಕಡೆ ಮುರಿದು ಆಪರೇಷನ್ ಆದದ್ದು. ಅಲ್ಲೂ ಗಾಳಿ ಬದಲಾಗುತ್ತಿದೆ. ಬ್ರಿಟನ್‌ನಲ್ಲಿ ಆಪರೇಷನ್ ಆದ 480 ಜನರಲ್ಲಿ ಕೆಲವರಿಗೆ ಎರಡು ವಾರಕ್ಕೇ ಕಾಲೂರಲು ಬಿಟ್ಟರು, ಉಳಿದವರಿಗೆ ಆರು ವಾರ ಕಾಯಿಸಿದರು. ಬೇಗ ಊರಿದವರಿಗೆ ಏನೂ ನಷ್ಟ ಆಗಲಿಲ್ಲ ಅಂತ 2024ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ಹಾಗಂತ ಇದನ್ನು ಓದಿದವರು ನಾಳೆ ಬೆಳಗ್ಗೆ ಎದ್ದು ಕಾಲು ಊರಬೇಡಿ. ಮೂಳೆ ಎಷ್ಟು ಪುಡಿಯಾಗಿತ್ತು, ಸ್ಕ್ರೂ ಎಷ್ಟು ಗಟ್ಟಿ ಕೂತಿದೆ, ಲಿಗಮೆಂಟ್‌ಗೂ ಸ್ಕ್ರೂ ಹಾಕಿದ್ದಾರಾ ಅನ್ನುವುದು ಆಪರೇಷನ್ ಮಾಡಿದವರಿಗೇ ಗೊತ್ತಿರುವುದು. ಬಾಯಿಬಿಟ್ಟು ಕೇಳಿ. "ಎಷ್ಟು ಭಾರ ಹಾಕಬಹುದು, ಯಾವಾಗಿಂದ, ಬೂಟು ಹಾಕಿಕೊಂಡಾ ಬರಿಗಾಲಲ್ಲಾ" ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿ. ನಮ್ಮ ಕಡೆ ಓಪಿಡಿಯಲ್ಲಿ ಎರಡು ನಿಮಿಷ ಸಿಗುತ್ತದೆ, ಅದನ್ನು ನಮಸ್ಕಾರ ಹೇಳುವುದರಲ್ಲೇ ಕಳೆಯುತ್ತೇವೆ.

ಅಮ್ಮನಮಗ_ದಾವಣಗೆರೆ

ಸರ್, ನಮ್ಮ ಅಮ್ಮನಿಗೆ ಶುಗರ್ ಇದೆ, ಹದಿನೈದು ವರ್ಷದ ಮೇಲಾಯಿತು. ಅವರಿಗೂ ಆಂಕಲ್ ಫ್ರ್ಯಾಕ್ಚರ್. ನೋವೇ ಇಲ್ಲಪ್ಪ ಅಂತ ಹೇಳಿ ವಾಕರ್ ಬಿಟ್ಟು ಅಡುಗೆಮನೆಗೆ ಹೋಗಿಬಿಡುತ್ತಾರೆ.

ಫಿಸಿಯೋ_ಧಾರವಾಡ

ತಡೆಯಿರಿ ಅವರನ್ನು. ಹಳೇ ಶುಗರ್‌ನಲ್ಲಿ ಪಾದದ ನರ ಮಂದವಾಗಿರುತ್ತದೆ, ನೋವು ಇಲ್ಲ ಅನ್ನುವುದೇ ಅಪಾಯ. ಇಂಥವರಿಗೆ ಕಾಲೂರದ ಅವಧಿಯನ್ನು ಸಾಮಾನ್ಯವಾಗಿ ಎರಡು ಪಟ್ಟು ಹಿಡಿಯುತ್ತಾರೆ. ಪಾದ ಕೆಂಪಾಗಿ, ಇನ್ನೊಂದು ಪಾದಕ್ಕಿಂತ ಬಿಸಿಯಾಗಿ, ಊದಿಕೊಂಡು, ಆದರೂ ಅಷ್ಟಾಗಿ ನೋವಿಲ್ಲ ಅಂದರೆ ಶಾರ್ಕೋ ಅನ್ನುವ ಸಮಸ್ಯೆ ಇರಬಹುದು, ಒಳಗಿನ ಮೂಳೆಗಳು ಸದ್ದಿಲ್ಲದೆ ಕುಸಿಯುತ್ತವೆ. ಸಂಜೆ ಒಮ್ಮೆ ಎರಡೂ ಪಾದದ ಮೇಲೆ ನಿಮ್ಮ ಕೈಯ ಹಿಂಬದಿ ಇಟ್ಟು ಬಿಸಿ ನೋಡಿ. ಪ್ಲಾಸ್ಟರ್ ಇದ್ದರೆ ಅಂಚಿನಲ್ಲಿ ಗಾಯ ಆಗಿದೆಯಾ ಅಂತ ನೀವೇ ಬಗ್ಗಿ ನೋಡಬೇಕು, ಅವರಿಗೆ ಗೊತ್ತಾಗುವುದಿಲ್ಲ. ತುರಿಕೆ ಅಂತ ಸ್ಕೇಲು, ಹೆಣಿಗೆ ಕಡ್ಡಿ ಒಳಗೆ ತೂರಿಸಲು ಬಿಡಬೇಡಿ.

ಪೀಣ್ಯ_ಹೊಲಿಗೆ

ನಾನು ಗಾರ್ಮೆಂಟ್‌ನಲ್ಲಿ ಟೈಲರ್. ನಮ್ಮ ಲೈನಿನ ಹುಡುಗಿ ಕೆಲಸಕ್ಕೆ ಬರುವಾಗ ಬಸ್ಸಿನಿಂದ ಇಳಿಯುತ್ತಾ ಬಿದ್ದು ಕಾಲು ಮುರಿದುಕೊಂಡಳು. ಸೂಪರ್‌ವೈಸರ್ ಸಂಬಳ ಇಲ್ಲ ಅಂದುಬಿಟ್ಟರು. ಮೆಷಿನ್ ಪೆಡಲ್ ಒತ್ತಲು ಆ ಕಾಲೇ ಬೇಕು, ಹೇಗೆ ಬರುತ್ತಾಳೆ ಹೇಳಿ.

ದಾಸವಾಳ

ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಕಟ್ಟುತ್ತಿದ್ದಾಳಾ? ಕಟ್ಟುತ್ತಿದ್ದರೆ ಡಾಕ್ಟರ್ ಸರ್ಟಿಫಿಕೇಟ್ ಮೇಲೆ ಕಾಯಿಲೆ ಭತ್ಯೆ ಅಂತ ಕೂಲಿಯ ಶೇಕಡಾ 70, ವರ್ಷಕ್ಕೆ 91 ದಿನದವರೆಗೆ ಬರುತ್ತದೆ. ಕೆಲಸದಲ್ಲಿ ಆದ ಪೆಟ್ಟು ಅಂತ ಒಪ್ಪಿದರೆ ಶೇಕಡಾ 90. ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯಲ್ಲಿ ಆದದ್ದನ್ನೂ ಸೇರಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶ ಇದೆ, ಆದರೆ ಯಾವ ಹೊತ್ತು, ಯಾವ ಜಾಗ, ಯಾವ ಬಸ್ಸು ಅಂತ ತೋರಿಸಬೇಕು. ಆ ದಿನದ ಟಿಕೆಟ್ ಇದ್ದರೆ ಎತ್ತಿಡಲು ಹೇಳಿ. ಕಂಪನಿಯಲ್ಲಿ ಅಪಘಾತದ ವರದಿ ಬರೆಸಿ ಕಳಿಸಬೇಕು, ಅದನ್ನು ಬಿಡಬೇಡಿ, ಸೂಪರ್‌ವೈಸರ್ ಬಾಯಿಮಾತಿಗೆ ಇಲ್ಲಿ ಬೆಲೆ ಇಲ್ಲ.

ಬುಲೆಟ್_ಬಸಣ್ಣ

ಬೈಕ್ ಯಾವಾಗ ಓಡಿಸಬಹುದು ಅಂತ ಯಾರೂ ಹೇಳಲಿಲ್ಲವಲ್ರೀ. ನನ್ನದು ಬಲಗಾಲು. ಪ್ಲಾಸ್ಟರ್ ತೆಗೆದು ಸ್ವಲ್ಪ ದಿನ ಆಗಿದೆ, ನಡೆಯುತ್ತೇನೆ, ಸ್ವಲ್ಪ ಕುಂಟುತ್ತೇನೆ. ಹಾರ್ದಿಕ್ ಪಾಂಡ್ಯ ನಾಲ್ಕೈದು ತಿಂಗಳಿಗೆ ಐಪಿಎಲ್ ಆಡಿದನಲ್ಲ, ನಾವು ಗಾಡಿ ಹತ್ತೋಕೆ ಏನು ಕಷ್ಟ?

ಅಡಿಕೆತೋಟ

ಬಸಣ್ಣ, ಪಾಂಡ್ಯಗೆ 2023ರ ವಿಶ್ವಕಪ್‌ನಲ್ಲಿ ಪುಣೆಯಲ್ಲಿ ಆದದ್ದು ಲಿಗಮೆಂಟ್ ಪೆಟ್ಟು, ಮೂಳೆ ಮುರಿದಿರಲಿಲ್ಲ. ಅಷ್ಟಕ್ಕೇ ಇಡೀ ಟೂರ್ನಿಯಿಂದ ಹೊರಗೆ ಕೂತ, ಅವನ ಜಾಗಕ್ಕೆ ನಮ್ಮ ಪ್ರಸಿದ್ಧ್ ಕೃಷ್ಣ ಹೋದ. ಅವನಿಗೆ ಬೆಳಗ್ಗೆಯಿಂದ ರಾತ್ರಿವರೆಗೆ ನೋಡಿಕೊಳ್ಳುವ ಫಿಸಿಯೋ ಇದ್ದಾರೆ. ನಿಮಗೆ ಯಾರಿದ್ದಾರೆ?

ಬುಲೆಟ್_ಬಸಣ್ಣ

ನನಗೆ ಹೆಂಡತಿ ಇದ್ದಾಳೆ, ಅವಳೂ ಬಿಡುತ್ತಿಲ್ಲ.

ಫಿಸಿಯೋ_ಧಾರವಾಡ

ಅಕ್ಕಾವರ ಮಾತು ಕೇಳಿರಿ ಬಸಣ್ಣ. ಬೈಕಿನ ಹಿಂದಿನ ಬ್ರೇಕು ಬಲಗಾಲಲ್ಲಿ. ಆಂಕಲ್ ಆಪರೇಷನ್ ಆದವರು ಕಾರಿನ ಬ್ರೇಕ್ ಎಷ್ಟು ಬೇಗ ಒತ್ತುತ್ತಾರೆ ಅಂತ ಅಮೆರಿಕದಲ್ಲಿ ಅಳೆದು ನೋಡಿದ್ದಾರೆ, ಮಾಮೂಲಿಗೆ ಬಂದದ್ದು ಆಪರೇಷನ್ ಆಗಿ ಸುಮಾರು 9 ವಾರಕ್ಕೆ. ಅದು ಕೂತು ಓಡಿಸುವ ಕಾರಿನ ಲೆಕ್ಕ. ಬೈಕಿಗೆ ಇನ್ನೊಂದು ಇದೆ. ಸಿಗ್ನಲ್‌ನಲ್ಲಿ ನಿಂತಾಗ ಗಾಡಿ ಬಲಕ್ಕೆ ವಾಲಿದರೆ ಅಷ್ಟೂ ಭಾರವನ್ನು ಆ ಒಂದು ಕಾಲು ತಡೆಯಬೇಕು. ನಿಂತ ಜಾಗದಲ್ಲಿ ಆ ಒಂಟಿ ಕಾಲಲ್ಲಿ ಅರ್ಧ ನಿಮಿಷ ಅಲುಗದೆ ನಿಲ್ಲಿರಿ, ಆಮೇಲೆ ಅದೇ ಕಾಲಲ್ಲಿ ಹಿಮ್ಮಡಿ ಎತ್ತಿರಿ. ಆಗದಿದ್ದರೆ ಬುಲೆಟ್ಟಿಗೆ ಕವರ್ ಹಾಕಿಡಿರಿ. ಸ್ಕೂಟಿಗೆ ಬ್ರೇಕ್ ಕೈಯಲ್ಲೇ ಇದ್ದರೂ ಕಾಲು ಊರುವ ಲೆಕ್ಕ ಅದಕ್ಕೂ ಅನ್ವಯ.

ಬಡಗುತಿಟ್ಟು

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯಬೇಕೋ ಬೇಡವೋ ಅಂತ ಸುಮಾರು ದಿನ ಯೋಚಿಸಿದೆ. ಕುಂದಾಪುರದ ಕಡೆಯವನು, ಯಕ್ಷಗಾನ ಮೇಳದಲ್ಲಿ ಪುಂಡುವೇಷ, ಅಂದರೆ ಕುಣಿತ ಜಾಸ್ತಿ ಇರುವ ವೇಷ, ಮಾಡುತ್ತೇನೆ. ತಿರುಗಾಟದ ಕೊನೆಗೆ, ಪತ್ತನಾಜೆಗೆ ಇನ್ನೇನು ಸ್ವಲ್ಪ ದಿನ ಇದೆ ಅನ್ನುವಾಗ, ದಿಗಿಣ ಹಾರಿ ಇಳಿಯುವಾಗ ಹಲಗೆಯ ಸಂದಿಗೆ ಪಾದ ಸಿಕ್ಕಿ ತಿರುಚಿತು. ಪದ ಮುಗಿಯುವವರೆಗೆ ನಿಂತೇ ಇದ್ದೆ, ಹೇಗೆ ನಿಂತೆ ಅಂತ ಗೊತ್ತಿಲ್ಲ. ಚೌಕಿಗೆ ಬಂದು ಗೆಜ್ಜೆ ಬಿಚ್ಚುವಾಗ ಗೆಜ್ಜೆಯ ಪಟ್ಟಿ ಊತದೊಳಗೆ ಹೂತುಹೋಗಿತ್ತು, ಕತ್ತರಿಸಿ ತೆಗೆದರು. ಹೊರಮೂಳೆ ಮುರಿದಿತ್ತು, ಪ್ಲೇಟ್ ಹಾಕಿದ್ದಾರೆ. ಈಗ ನಡೆಯುತ್ತೇನೆ. ದೀಪಾವಳಿ ಕಳೆದರೆ ಮೇಳ ಹೊರಡುತ್ತದೆ. ಡಾಕ್ಟರ್ ನಡೆಯಬಹುದು ಅಂತಾರೆ, ಕುಣಿಯಬಹುದಾ ಅಂದರೆ ನಗುತ್ತಾರೆ. ಅವರಿಗೆ ಅದು ಹವ್ಯಾಸ ಅಂತ ಅನಿಸಿರಬೇಕು, ನನಗೆ ಅದೇ ಹೊಟ್ಟೆಪಾಡು.

ಫಿಸಿಯೋ_ಧಾರವಾಡ

ಬರೆದದ್ದು ಒಳ್ಳೆಯದಾಯಿತು. ನಿಮ್ಮ ವಿಷಯದಲ್ಲಿ ತಾರೀಖು ನೋಡಿ ಹೇಳಲು ಬರುವುದಿಲ್ಲ, ಕಾಲು ಏನು ಮಾಡುತ್ತದೆ ನೋಡಿ ಹೇಳಬೇಕು. ಮೊದಲು ಗೋಡೆ ಪರೀಕ್ಷೆ. ಬರಿಗಾಲಲ್ಲಿ ಗೋಡೆಗೆ ಎದುರಾಗಿ ನಿಂತು ಹಿಮ್ಮಡಿ ಎತ್ತದೆ ಮೊಣಕಾಲು ಬಗ್ಗಿಸಿ ಗೋಡೆಗೆ ತಾಗಿಸಿ. ತಾಗಿದರೆ ಪಾದ ಸ್ವಲ್ಪ ಹಿಂದೆ ಸರಿಸಿ ಮತ್ತೆ. ಹೆಬ್ಬೆರಳಿಗೂ ಗೋಡೆಗೂ ನಡುವೆ ಎಷ್ಟು ಸೆಂಟಿಮೀಟರ್ ಆಗುತ್ತದೆ ಅಂತ ಎರಡೂ ಕಾಲಲ್ಲಿ ಅಳೆಯಿರಿ. ನಡೆಯಲು ಪಾದ ಸುಮಾರು 10 ಡಿಗ್ರಿ ಮೇಲಕ್ಕೆ ಬಾಗಿದರೆ ಸಾಕು, ಕುಕ್ಕರಗಾಲಲ್ಲಿ ಕೂರಲು ಅದರ ಎರಡು ಮೂರು ಪಟ್ಟು ಬೇಕು. ನೀವು ಮಂಡಿ ಬಗ್ಗಿಸಿ ಇಳಿಯುವಾಗ ಅಷ್ಟು ಬಾಗದಿದ್ದರೆ ಹೊಡೆತ ಮೊಣಕಾಲಿಗೆ, ಸೊಂಟಕ್ಕೆ ಬೀಳುತ್ತದೆ.

ಎರಡನೆಯದು ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತುವುದು. ಒಳ್ಳೆ ಕಾಲಲ್ಲಿ ಎಷ್ಟು ಸಲ ಆಗುತ್ತದೋ, ನಿಮ್ಮಂಥವರಿಗೆ 25ಕ್ಕೆ ಕಡಿಮೆ ಇರಬಾರದು, ಪೆಟ್ಟಾದ ಕಾಲಲ್ಲೂ ಹೆಚ್ಚು ಕಡಿಮೆ ಅಷ್ಟೇ ಆಗಬೇಕು, ಅದೇ ಎತ್ತರಕ್ಕೆ. ಅದಾಗುವವರೆಗೆ ಹಾರುವುದು ಬೇಡ. ಆದ ಮೇಲೆ ಎರಡೂ ಕಾಲಲ್ಲಿ ಸಣ್ಣ ಜಿಗಿತ, ಆಮೇಲೆ ಒಂಟಿ ಕಾಲಲ್ಲಿ, ಆಮೇಲೆ ತಿರುಗಿ ಇಳಿಯುವುದು. ಗೆಜ್ಜೆ ಎಲ್ಲಕ್ಕಿಂತ ಕೊನೆಗೆ ಕಟ್ಟಿ. ಅದು ಕೂರುವ ಜಾಗವೂ ಪ್ಲೇಟಿನ ಜಾಗವೂ ಒಂದೇ ಆಗಿದ್ದರೆ ಕೆಳಗೆ ದಪ್ಪ ಬಟ್ಟೆ ಸುತ್ತಬೇಕಾದೀತು. ಭಾಗವತರಿಗೆ ಈಗಲೇ ಹೇಳಿ, ಮೊದಲ ತಿಂಗಳು ಕುಣಿತ ಕಡಿಮೆ ಇರುವ ವೇಷ ಸಿಗುತ್ತದಾ ಅಂತ.

ಬಡಗುತಿಟ್ಟು

ಗೋಡೆ ಪರೀಕ್ಷೆ ಈಗಷ್ಟೇ ಮಾಡಿದೆ. ಬಲಗಾಲು ಒಂದು ಗೇಣಿಗೆ ಸ್ವಲ್ಪ ಕಡಿಮೆ. ಎಡಗಾಲು ಎರಡು ಬೆರಳು. ಅರ್ಥ ಆಯಿತು ಸರ್. ಕುಣಿತ ಕಡಿಮೆ ಇರುವ ವೇಷ ಅಂದರೆ ರಾಜವೇಷ ಕೇಳಬೇಕು, ಅದಕ್ಕೆ ಹಿರಿಯರು ಇದ್ದಾರೆ, ಅದು ಇನ್ನೊಂದು ರಾಮಾಯಣ. ಕೇಳಿ ನೋಡುತ್ತೇನೆ.

ಹಳೇ_ಮಂಡ್ಯ

ಕಲಾವಿದರೇ, ನಿಮ್ಮ ಮೇಳಕ್ಕೆ ವಿಮೆ ಅಂತ ಏನೂ ಇಲ್ಲವೇ?

ಬಡಗುತಿಟ್ಟು

ಆಪರೇಷನ್ ಖರ್ಚು ಬಿಪಿಎಲ್ ಕಾರ್ಡಿನಲ್ಲಿ ಆಯುಷ್ಮಾನ್ ಯೋಜನೆಯಡಿ ಹೋಯಿತು ಸರ್, ಅದರಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಕೂತು ಉಣ್ಣುವ ತಿಂಗಳುಗಳಿಗೆ ಯಾವ ಕಾರ್ಡೂ ಇಲ್ಲ. ಮಳೆಗಾಲದಲ್ಲಿ ಹೇಗೂ ಆಟ ಇಲ್ಲ, ಅಷ್ಟು ಪುಣ್ಯ.

ಮಲೆನಾಡ_ಟೀಚರ್

ಮತ್ತೆ ಬಂದೆ. ಇಷ್ಟು ಜನ ಬರೆದಿದ್ದೀರಿ, ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯಲು ಆಗಲಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಚೀಟಿ ಬರೆದುಕೊಂಡು ಹೋಗಿ ಡಾಕ್ಟರನ್ನು ಕೇಳಿದೆ. ಮೊದಲ ವಾರ ಅರ್ಧ ಭಾರ, ಆಮೇಲೆ ಪೂರ್ತಿ ಅಂದರು. ಅರ್ಧ ಭಾರ ಅಂದರೆ ಎಷ್ಟು ಅಂತ ಗೊತ್ತಾಗಲಿ ಅಂತ ಅಂಗಡಿಯವರ ತೂಕದ ಯಂತ್ರ ತರಿಸಿ ಅದರ ಮೇಲೆ ಆ ಕಾಲು ಇಟ್ಟು, ಇನ್ನೊಂದನ್ನು ಅಷ್ಟೇ ಎತ್ತರದ ಮಣೆಯ ಮೇಲೆ ಇಟ್ಟು ಒತ್ತಿ ನೋಡಿದೆ. ಹತ್ತು ಕೆಜಿ ದಾಟಲು ಎಷ್ಟು ಧೈರ್ಯ ಬೇಕಾಯಿತು ಅಂದರೆ! ನೋವಿಗಿಂತ ಹೆದರಿಕೆಯೇ ದೊಡ್ಡದು.

ಈಗ ಶಾಲೆಗೆ ಹೋಗುತ್ತಿದ್ದೇನೆ. ಬಸ್ಸಿನ ಮೊದಲ ಮೆಟ್ಟಿಲು ನಮ್ಮ ಮೊಣಕಾಲೆತ್ತರ, ಕಂಡಕ್ಟರ್ ಕೈ ಕೊಟ್ಟು ಹತ್ತಿಸಿಕೊಳ್ಳುತ್ತಾರೆ. ಹತ್ತುವುದು ಪರವಾಗಿಲ್ಲ, ಇಳಿಯುವುದೇ ಕಷ್ಟ. ಕುರ್ಚಿ ಹಾಕಿಕೊಂಡು ಪಾಠ ಮಾಡುತ್ತೇನೆ, ಮಧ್ಯಾಹ್ನದ ಹೊತ್ತಿಗೆ ಚಪ್ಪಲಿ ಬಿಗಿಯಾಗಿರುತ್ತದೆ. ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಕಾಲಲ್ಲಿ ಅಕ್ಷರ ಬರೆಯುವುದು ಗೊತ್ತಾಗಿ ಈಗ ಬೆಂಚಿನ ಕೆಳಗೆ ಎಲ್ಲರೂ ಅದನ್ನೇ ಮಾಡುತ್ತಾರೆ.

ಒಂದು ಸಂದೇಹ. ಒಳಗಂಟಿನ ಹತ್ತಿರ ಚರ್ಮದ ಕೆಳಗೆ ಸ್ಕ್ರೂ ತಲೆ ಕೈಗೆ ಸಿಗುತ್ತದೆ, ಚಪ್ಪಲಿ ಪಟ್ಟಿ ತಾಗಿದರೆ ಚುಚ್ಚುತ್ತದೆ. ಇದನ್ನು ತೆಗೆಸಲೇಬೇಕಾ? ಮಳೆ ಬಂದರೆ ಬೇರೆ ಒಳಗೆ ಜುಮ್ ಅನ್ನುತ್ತದೆ.

ಫಿಸಿಯೋ_ಧಾರವಾಡ

ತೆಗೆಸಲೇಬೇಕು ಅಂತಿಲ್ಲ ಮೇಡಂ. ತೊಂದರೆ ಕೊಡದಿದ್ದರೆ ಜೀವನಪೂರ್ತಿ ಒಳಗೇ ಇರಬಹುದು. ನಿಮ್ಮ ಹಾಗೆ ಚುಚ್ಚಿದರೆ ತೆಗೆಯುತ್ತಾರೆ, ಆದರೆ ಮೂಳೆ ಪೂರ್ತಿ ಗಟ್ಟಿಯಾದ ಮೇಲೆ, ಸಾಮಾನ್ಯವಾಗಿ ವರ್ಷ ಕಳೆದು. ಎರಡು ಮೂಳೆ ಸೇರಿಸಿ ಹಾಕುವ ಲಿಗಮೆಂಟ್ ಸ್ಕ್ರೂ ಮಾತ್ರ ಕೆಲವು ಸರ್ಜನ್‌ಗಳು ಮೊದಲೇ ತೆಗೆಯುತ್ತಾರೆ, ನಿಮಗೆ ಅದು ಹಾಕಿದ ಹಾಗಿಲ್ಲ. ಸದ್ಯಕ್ಕೆ ಆ ಜಾಗದಲ್ಲಿ ಪಟ್ಟಿ ಬರದ ಚಪ್ಪಲಿ ನೋಡಿ, ಹಿಂದೆ ಹಿಡಿತ ಇರುವಂಥದ್ದು. ಬರೀ ಉಂಗುಷ್ಟದ ಹವಾಯಿ ಬೇಡ.

ಜುಮ್ ಅನ್ನುವುದು ಕಾಳಜಿಯ ವಿಷಯ ಅಲ್ಲ. ಆದರೆ ಗಾಯದ ಜಾಗ ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ, ಇಲ್ಲವೇ ಬಟ್ಟೆ ತಾಗಿದರೂ ಉರಿಯುವಷ್ಟು ಚರ್ಮ ಸೂಕ್ಷ್ಮವಾಗಿ ಬಣ್ಣ ಹೊಳಪು ಬದಲಾದರೆ ಕೂಡಲೇ ತೋರಿಸಿ.

ಮಲೆನಾಡ_ಟೀಚರ್

ಹಾಗಾದರೆ ಮುಂದಿನ ವರ್ಷದ ಬೇಸಿಗೆ ರಜೆಗೆ ಹಾಕಿಕೊಳ್ಳುತ್ತೇನೆ. ಸ್ಕ್ರೂ ತೆಗೆಸಿದವರು ಇಲ್ಲಿ ಯಾರಾದರೂ ಇದ್ದರೆ ಮತ್ತೆ ಪ್ಲಾಸ್ಟರ್ ಹಾಕುತ್ತಾರಾ, ಎಷ್ಟು ದಿನಕ್ಕೆ ನಡೆದಿರಿ ಅಂತ ಬರೆಯಿರಿ.

ಅಡಿಕೆತೋಟ

ನಾನು ತೆಗೆಸಿದ್ದೇನೆ ಅಕ್ಕಾ. ಪ್ಲಾಸ್ಟರ್ ಹಾಕಲಿಲ್ಲ, ಮಾರನೇ ದಿನವೇ ನಡೆಸಿದರು. ಹೊಲಿಗೆ ಬಿಚ್ಚುವವರೆಗೆ ನೀರು ತಾಗಿಸಬೇಡಿ ಅಂದರು ಅಷ್ಟೇ. ಸ್ಕ್ರೂ ಇದ್ದ ತೂತು ತುಂಬಿಕೊಳ್ಳಲು ಸ್ವಲ್ಪ ವಾರ ಬೇಕಂತೆ, ಅಲ್ಲಿವರೆಗೆ ಮರ ಹತ್ತಬೇಡ, ದರೆ ಹಾರಬೇಡ ಅಂದರು. ತೆಗೆದ ಸ್ಕ್ರೂ ಡಬ್ಬಿಯಲ್ಲಿ ಹಾಕಿ ಕೊಡುತ್ತಾರೆ, ಬೇಕು ಅಂತ ಮೊದಲೇ ಹೇಳಿಡಿ, ಇಲ್ಲದಿದ್ದರೆ ಬಿಸಾಡುತ್ತಾರೆ. ಮತ್ತೆ ಹಿತ್ತಲ ಕಲ್ಲಿಗೆ ಈ ವರ್ಷ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿದಿರೋ ಇಲ್ಲವೋ?

ಮಲೆನಾಡ_ಟೀಚರ್

ಉಜ್ಜಿಸಿದ್ದಾಯಿತು. ಅತ್ತೆ ಅದರ ಮೇಲೆ ಗೋಣಿಚೀಲವನ್ನೂ ಹಾಸಿದ್ದಾರೆ.

ಅಡಿಕೆತೋಟ

ಗೋಣಿಚೀಲ ತೆಗೆಸಿ ಅಕ್ಕಾ, ಒದ್ದೆಯಾದರೆ ಅದೇ ಜಾರುತ್ತದೆ. ತೆಂಗಿನ ಗರಿ ಹಾಸಿ.